ನಾನೇ ಸೇರಿಸಿದ ಸಾಲು

ಶಹಾಬಜಾರದಲ್ಲಿ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಒಂದು ಕಟ್ಟಿಗೆ ಬಾಗಿಲಿನ ಹಳೆಯ ಮನೆ ಇದೆ. ಆ ಗಲ್ಲಿಯಲ್ಲಿ ನಾನು ಕಾಲಿಟ್ಟು ಹತ್ತು ವರ್ಷದ ಮೇಲಾಯಿತು. ತರಕಾರಿಗೆ ಹೋಗಲು ಅದೇ ಹತ್ತಿರದ ದಾರಿ. ನಾನು ಊರೆಲ್ಲ ಸುತ್ತಿ ಹೋಗುವುದನ್ನು ಕಂಡು ನನ್ನ ತಾಯಿ, ನಮ್ಮ ಆಯಿ, ‘ಚಪ್ಪಲಿ ಏನು ಪುಕ್ಕಟ ಬರ್ತಾವೇನು ನಿನಗ?’ ಎಂದು ಗೊಣಗುತ್ತಿದ್ದಳು. ಅವಳಿಗೂ ನಾನು ಕಾರಣ ಹೇಳಲಿಲ್ಲ. ಆ ಮನೆಯ ಸೊಸೆಗೆ ನಾನು ಕೈಯೆತ್ತಿ ಹೊಡೆದಿದ್ದರೆ ಎಂದೋ ತಪ್ಪೊಪ್ಪಿಕೊಂಡು ಹಗುರಾಗಿರುತ್ತಿದ್ದೆ. ನಾನು ಮಾಡಿದ್ದು ವಾರ್ತೆ ಓದಿದ್ದು.

ತೊಂಬತ್ತರ ದಶಕದ ನಡುವಿನ ಮಾತು. ಕಲಬುರಗಿಯ ಮನೆಮನೆಗೂ ಕೇಬಲ್ ವೈರು ಬಂದ ಹೊಸತು. ಕೇಬಲ್ ನಡೆಸುತ್ತಿದ್ದವರೊಬ್ಬರಿಗೆ ಊರ ಸುದ್ದಿಯನ್ನೂ ತೋರಿಸುವ ಹುರುಪು ಬಂತು. ನಾನು ಆಗ ಜೇವರ್ಗಿ ಕಾಲೋನಿಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ. ಮನೆಯಲ್ಲಿ ಮಾತು ಮರಾಠಿ, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಅರ್ಧ ಉರ್ದು. ಆದರೆ ಕಾಗದ ಕೈಗೆ ಕೊಟ್ಟರೆ ಮಾತ್ರ ಪಠ್ಯಪುಸ್ತಕವೇ ಎದ್ದು ಮಾತಾಡಿದ ಹಾಗೆ ಓದುತ್ತಿದ್ದೆ. ಕೇಬಲ್ ಮಾಲೀಕರಿಗೆ ಅಷ್ಟೇ ಬೇಕಾಗಿತ್ತು, ವಾರ್ತೆ ಓದಲು ನನ್ನನ್ನು ಕರೆದರು.

ನಮ್ಮ ಸ್ಟುಡಿಯೋ ಎಂದರೆ ನೆಹರು ಗಂಜಿನ ಕಾಳುಪೇಟೆಯಲ್ಲಿ ಒಂದು ತೊಗರಿ ಅಡತಿ ಅಂಗಡಿಯ ಮೇಲಿನ ಕೋಣೆ. ಗೋಡೆಗೆ ನೀಲಿ ಬಟ್ಟೆ, ಮುಂದೆ ಒಂದು ಮೇಜು. ಸದ್ದು ಮೈಕಿಗೆ ಬೀಳುತ್ತದೆಂದು ಫ್ಯಾನ್ ಹಾಕುವಂತಿರಲಿಲ್ಲ. ಮೇಜಿನ ಮೇಲೆ ರೇಷ್ಮೆ ಸೀರೆಯ ಸೆರಗು, ಮೇಜಿನ ಕೆಳಗೆ ಹವಾಯಿ ಚಪ್ಪಲಿ. ಕ್ಯಾಮೆರಾದವನು ಮದುವೆ ವಿಡಿಯೋ ತೆಗೆಯುವವನು, ಮುಹೂರ್ತ ಹೆಚ್ಚಿದ್ದ ದಿನ ಊರಲ್ಲಿ ಸುದ್ದಿಯೇ ಕಡಿಮೆ. ನಾಲ್ಕು ಗಂಟೆಗೆ ಓದಿದ್ದನ್ನು ಏಳೂವರೆಗೆ ಹಾಕುತ್ತಿದ್ದರು. ಕರೆಂಟು ಹೋಗಿ ನೋಡಲಾಗದವರಿಗೆಂದು ಮರುದಿನ ಮುಂಜಾನೆ ಎಂಟಕ್ಕೆ ಅದನ್ನೇ ಇನ್ನೊಮ್ಮೆ ಹಾಕುತ್ತಿದ್ದರು.

ಆರು ತಿಂಗಳಲ್ಲಿ ನನಗೆ ತಲೆ ತಿರುಗಿತು ಎನ್ನಬೇಕು. ಕೊತ್ತಂಬರಿಯವಳು ಒಂದು ಸಿವುಡು ಜಾಸ್ತಿ ಕೊಡುತ್ತಿದ್ದಳು. ಗಂಜಿನ ಹಮಾಲರು ಚೀಲ ಹೊತ್ತುಕೊಂಡೇ ಬದಿಗೆ ಸರಿದು ‘ಅಕ್ಕೋರು ಬಂದ್ರು’ ಎನ್ನುತ್ತಿದ್ದರು. ಯಾರಾದರೂ ವಾದಕ್ಕಿಳಿದರೆ ‘ಟೀವಿದಾಗ ಅಕ್ಕೋರೇ ಹೇಳ್ಯಾರ’ ಎಂದರೆ ಮುಗಿಯಿತು. ನನ್ನ ಬಾಯಿಂದ ಬಂದದ್ದು ನಿಜ ಎಂದು ಊರು ನಂಬಿತ್ತು, ಸ್ವಲ್ಪ ದಿನದಲ್ಲಿ ನಾನೂ ನಂಬಿದೆ.

ಒಂದು ಬೇಸಗೆಯ ಮಧ್ಯಾಹ್ನ ಒಬ್ಬ ಗಂಡಸು ಮೆಟ್ಟಿಲು ಹತ್ತಿ ಬಂದ. ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ. ಹೆಂಡತಿ ಹಿಂದಿನ ದಿನ ಮನೆ ಬಿಟ್ಟು ಹೋದವಳು ಬಂದಿಲ್ಲ ಎಂದ. ಅವನ ಕೈಯಲ್ಲಿ ಒಂದು ಫೋಟೋ, ಒಂದು ಚೀಟಿ. ಚೀಟಿಯಲ್ಲಿ ವಯಸ್ಸು, ದುಂಡು ಮುಖ, ಉಟ್ಟ ಹಸಿರು ಸೀರೆ, ತವರು ಕಮಲಾಪುರ, ಒಂದು ಫೋನ್ ನಂಬರು ಎಂದಿಷ್ಟೇ ಇತ್ತು. ಕೊಟ್ಟ ಮೇಲೂ ಅವನು ಹೋಗದೆ ನಿಂತ.

‘ಮಂದಿ ಏನಂತಾರ್ರೀ ಅಕ್ಕೋರ? ಯಾರ ಸಂಗಟ ಹೋದ್ಳು ಅಂತ ಕೇಳ್ತಾರ’ ಎಂದ.

ನನಗೆ ಪಾಪ ಅನಿಸಿತು. ಅವನ ಬಗ್ಗೆಯಲ್ಲ, ಫೋಟೋದಲ್ಲಿದ್ದ ಅವಳ ಬಗ್ಗೆ. ಊರ ಬಾಯಿ ನನಗೆ ಗೊತ್ತಿತ್ತು. ಮನೆ ಬಿಟ್ಟ ಹೆಂಗಸಿನ ಮಾನ ಉಳಿಸಲು ಇಂಥ ಪ್ರಕಟಣೆಗಳಲ್ಲಿ ಒಂದು ಮಾತು ಸೇರಿಸುವುದು ನಮ್ಮಲ್ಲಿ ರೂಢಿಯಾಗಿತ್ತು. ಅದನ್ನು ನಾನೇ ಸೂಚಿಸಿದೆ. ‘ಮಾನಸಿಕ ಅಸ್ವಸ್ಥೆ ಅಂತ ಬರೀಲೇನ್ರೀ? ಆಗ ಯಾರೂ ಕೆಟ್ಟದ್ದು ಮಾತಾಡಂಗಿಲ್ಲ.’

ಅವನು ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ, ‘ಹಾಂ, ಹಂಗೇ ಬರೀರಿ. ಆಕಿ ಏನರೆ ಹೇಳ್ತಾಳ್ರೀ, ನಂಬಬಾರದು’ ಎಂದ. ಅದನ್ನೂ ನಾನು ಒಳ್ಳೆಯ ಕನ್ನಡಕ್ಕೆ ತಂದೆ: ‘ಮಾನಸಿಕ ಅಸ್ವಸ್ಥರಾಗಿರುವ ಇವರು ಏನೇ ಹೇಳಿದರೂ ಕಿವಿಗೊಡದೆ, ದಯವಿಟ್ಟು ಮನೆಗೆ ತಲುಪಿಸಬೇಕಾಗಿ ವಿನಂತಿ.’ ಓದಲು ಸೊಗಸಾಗಿದೆ ಎಂದುಕೊಂಡೆ. ‘ದಯವಿಟ್ಟು’ ಎನ್ನುವಲ್ಲಿ ದನಿ ಸ್ವಲ್ಪ ತಗ್ಗಿಸಿ ಓದಿದೆ.

ಮರುದಿನ ಮಧ್ಯಾಹ್ನಕ್ಕೆ ಅವಳು ಸಿಕ್ಕಳು. ಬಸ್ ಸ್ಟ್ಯಾಂಡಿನಲ್ಲಿ, ಕಮಲಾಪುರದ ಬಸ್ಸಿನ ಕಿಟಕಿ ಪಕ್ಕ ಕೂತಿದ್ದಳಂತೆ. ಮುಂಜಾನೆಯಷ್ಟೇ ಟೀವಿ ನೋಡಿ ಬಂದ ಇಬ್ಬರು ಹೆಂಗಸರು ಗುರುತು ಹಿಡಿದರು. ಕೈ ಹಿಡಿದು ಇಳಿಸಿದರು, ಸೋಡಾ ಕುಡಿಸಿದರು. ಅವಳು ‘ನಾ ತವರಿಗೆ ಹೊಂಟೀನ್ರೀ, ನನಗೇನೂ ಆಗಿಲ್ಲ’ ಎಂದಷ್ಟೂ ಜನ ಸೇರಿದರು, ಎಂದಷ್ಟೂ ಅವರಿಗೆ ಖಾತ್ರಿಯಾಯಿತು. ಆಟೋದಲ್ಲಿ ಕೂರಿಸಿ ಗಂಡನ ಮನೆಗೆ ಮುಟ್ಟಿಸಿ ಬಂದರು. ಅವರೆಲ್ಲ ಒಳ್ಳೆಯ ಮಂದಿ. ಒಬ್ಬರೂ ಒಂದು ಪೈಸೆ ಕೇಳಲಿಲ್ಲ. ಮಾಲೀಕರು ಪೇಡೆ ತರಿಸಿದರು. ನಾನು ಆ ಸಂಜೆ ‘ನಮ್ಮ ವಾರ್ತೆಯ ಫಲವಾಗಿ’ ಎಂದು ಶುರುಮಾಡಿ ಅದನ್ನೂ ಓದಿದೆ. ಅಂದು ನನಗೆ ಆದ ಹೆಮ್ಮೆಯನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ವಾರದ ಮೇಲೆ ಅವಳ ತಾಯಿ ಬಂದರು. ಕಮಲಾಪುರದಿಂದ ಒಬ್ಬರೇ ಬಂದಿದ್ದರು. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವ ತನಕ ನನ್ನ ಮುಖವನ್ನೇ ನೋಡುತ್ತ ಕೂತರು.

‘ನೀನೇ ಏನವ್ವಾ ಓದಾಕಿ? ನನ್ನ ಮಗಳಿಗಿ ತಲಿ ಸರಿ ಇಲ್ಲಂತ ನಿನಗ ಯಾರ ಹೇಳ್ಯಾರ?’

ನಾನು ಕುರ್ಚಿಯಿಂದ ಎದ್ದು ನಿಂತೆ.

‘ಹೊಡತ ತಾಳಲಾರದ ನನ್ನ ಕಡಿ ಬರಾಕತ್ತಿದ್ಳು. ಹೊಲಿಗಿ ಕಲಿಸಾಕಿ ಮನ್ಯಾಗ ಎರಡು ರಾತ್ರಿ ಇದ್ದು, ಮೈಬ್ಯಾನಿ ಕಮ್ಮಿ ಆದಮ್ಯಾಲ ಬಸ್ ಹತ್ತ್ಯಾಳ. ಈಗ ನಾ ಹ್ವಾದ್ರ ಬಾಗಲದಾಗ ನಿಲ್ಲಿಸಿ, ನಿಮ್ಮ ಮಗಳು ಹುಚ್ಚಿ, ಹೊರಗ ಬಿಡಾಕ ಬರಾಂಗಿಲ್ಲ ಅಂತಾರ. ಪೊಲೀಸರಿಗಿ ಹೇಳಿದ್ರ ಅವ್ರೂ ಟೀವಿದಾಗ ಬಂದಿತ್ತಲ್ಲ ಅಂತಾರ. ಏನೂ ಬ್ಯಾಡ ನನಗ. ಅದೇ ಬಾಯಿಲೆ, ಆಕಿ ಶಾಣ್ಯಾ ಇದ್ದಾಳ ಅಂತ ಒಂದು ಮಾತು ಓದು. ಸಂಜೀಕ ನೆಂಟರ ಮನ್ಯಾಗ ಕುಂತು ನೋಡ್ತೀನಿ.’

ನಾನು ‘ಓದ್ತೇನ್ರೀ’ ಎಂದೆ. ಅವರು ನನ್ನ ತಲೆ ಸವರಿ ಇಳಿದು ಹೋದರು.

ಎರಡು ಸಾಲು ಬರೆದೆ. ಮಾಲೀಕರಿಗೆ ತೋರಿಸಿದರೆ ಅವರು ಚೀಟಿ ಪೂರ್ತಿ ಓದಲೂ ಇಲ್ಲ. ‘ಮೇಡಂ, ತಪ್ಪು ಓದೀವಿ ಅಂತ ನಾವೇ ಹೇಳಿದ್ರ ನಾಳಿಂದ ನಮ್ಮನ್ನ ಯಾರು ನಂಬ್ತಾರ್ರೀ? ಗಂಡ ಹೆಂಡತಿ ನಡುವ ನಾವ್ಯಾಕ ಬೀಳೋದು? ಓದಬ್ಯಾಡ್ರಿ’ ಎಂದು ಕೆಳಗೆ ಹೋದರು. ಇಲ್ಲಿಗೆ ನಿಲ್ಲಿಸಿ ತಪ್ಪನ್ನು ಅವರ ಮೇಲೆ ಹಾಕಬಹುದು. ಆದರೆ ಆ ಚೀಟಿಯನ್ನು ನಾನು ಉಳಿದ ಕಾಗದಗಳ ಕೆಳಗೆ ಇಟ್ಟುಕೊಂಡೇ ಕೂತಿದ್ದೆ. ಕ್ಯಾಮೆರಾದವನು ನಾನು ಏನು ಓದುತ್ತೇನೆಂದು ಎಂದೂ ಕೇಳಿಸಿಕೊಂಡವನಲ್ಲ. ಟೇಪನ್ನು ಯಾರೂ ಮೊದಲು ನೋಡುತ್ತಿರಲಿಲ್ಲ. ಓದಿದ್ದರೆ ಊರಿಗೆ ಮುಟ್ಟಿಯೇ ಮುಟ್ಟುತ್ತಿತ್ತು, ಮರುದಿನ ನನ್ನ ಕುರ್ಚಿ ಹೋಗುತ್ತಿತ್ತು, ಅಷ್ಟೇ. ತೊಗರಿಬೇಳೆಯ ಧಾರಣೆ ಓದಿ ಮುಗಿಸಿದೆ. ಚೀಟಿ ಮೇಲಕ್ಕೆ ಬಂತು. ನಾನು ತಲೆಯೆತ್ತಿ, ‘ಇಲ್ಲಿಗೆ ವಾರ್ತೆಗಳು ಮುಗಿದವು, ನಮಸ್ಕಾರ’ ಎಂದೆ. ಅಂಜುಬುರುಕಿ ನಾನು. ಇದಕ್ಕಿಂತ ಸೊಗಸಾದ ಪದ ಅದಕ್ಕಿಲ್ಲ.

ಮತ್ತೆ ಏಳು ವರ್ಷ ಓದಿದೆ. ಅವಳ ಗಂಡನ ಮನೆ ನಮ್ಮ ಹತ್ತಿರದ್ದೇ ಎಂದು ತಿಳಿದದ್ದು ಆ ವರ್ಷಗಳಲ್ಲೇ. ಒಂದು ಸಂಜೆ ಆ ಗಲ್ಲಿಯಲ್ಲಿ ಹಾಯುವಾಗ ಒಳಗಿನಿಂದ ನನ್ನದೇ ದನಿ ಕೇಳಿತು. ನಾಲ್ಕು ಗಂಟೆಗೆ ಓದಿ ಬಂದಿದ್ದ ನಾನು ಬೀದಿಯಲ್ಲಿ ನಿಂತಿದ್ದೆ, ಅದೇ ನಾನು ಆ ಮನೆಯೊಳಗೆ ಕೂತು ಮಾತಾಡುತ್ತಿದ್ದೆ. ಹೊರಗೆ ಬರಲಾಗದ ಅವಳ ಎದುರಿಗೆ, ದಿನವೂ ಎರಡು ಹೊತ್ತು. ಅಂದಿನಿಂದ ಕ್ಯಾಮೆರಾದ ಹಿಂದೆ ಊರು ಕಾಣುತ್ತಿರಲಿಲ್ಲ, ಒಬ್ಬಳೇ ಕೂತು ನೋಡುತ್ತಿದ್ದಳು. ವಾಕ್ಯ ಮುಗಿದಾಗ ಕಣ್ಣೆತ್ತುವುದನ್ನೇ ಬಿಟ್ಟೆ. ‘ಮೇಡಂ, ಮ್ಯಾಲ ನೋಡ್ರಿ’ ಎಂದು ಕ್ಯಾಮೆರಾದವನು ದಿನಾ ಹೇಳುತ್ತಿದ್ದ.

ಒಮ್ಮೆ ಕೆಂಪು ಬಾಳೆಯ ಸುದ್ದಿಗೆಂದು ಕಮಲಾಪುರಕ್ಕೆ ಹೋದಾಗ ಆ ತಾಯಿಯ ಮನೆ ಕೇಳಿಕೊಂಡು ಹೋದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಬೈಯುತ್ತಾರೆ, ಬೈಸಿಕೊಂಡು ಬರೋಣ ಎಂದೇ ಹೋಗಿದ್ದೆ. ಅವರು ತಂಬಿಗೆಯಲ್ಲಿ ನೀರು ಕೊಟ್ಟರು. ‘ಆವತ್ತು ಸಂಜೀಕ ನೋಡ್ದೆ ಯವ್ವಾ. ನಾನೇ ಎಲ್ಲೋ ಕೇಳಿಸ್ಕೊಳ್ಳಲಿಲ್ಲೇನೋ ಅಂತ ಮುಂಜಾನಿ ತನಕ ಇದ್ದು ಮತ್ತೊಮ್ಮೆ ನೋಡ್ದೆ’ ಎಂದರು. ಮತ್ತೆ ಮೊರ ಎತ್ತಿಕೊಂಡರು.

ದೊಡ್ಡ ಚಾನೆಲ್‌ಗಳು ಬಂದ ಮೇಲೆ ನಮ್ಮದು ನಿಂತಿತು. ನಾನು ಮತ್ತೆ ಟ್ಯೂಷನ್ನಿಗೆ ಮರಳಿದೆ. ಆಮೇಲೊಂದು ದಿನ ಜೇವರ್ಗಿ ಕಾಲೋನಿಯ ಒಂದು ದವಾಖಾನೆಯಲ್ಲಿ ಗಂಟಲು ತೋರಿಸಲು ಕೂತಿದ್ದೆ. ಹೆಸರು ಬರೆಯುವವರಿಗೆ ನನ್ನ ವಯಸ್ಸು ಹೇಳುತ್ತಿದ್ದಂತೆ, ಪಕ್ಕದಲ್ಲಿದ್ದ ಹೆಂಗಸು ನನ್ನ ದನಿ ಕೇಳಿ ತಿರುಗಿದಳು. ದುಂಡು ಮುಖ ಇಳಿದುಹೋಗಿತ್ತು.

‘ವಾರ್ತಾ ಓದ್ತಿದ್ರಲ್ಲ, ನೀವೇ ಹೌದಿಲ್ಲೋ? ನನ್ನ ಸುದ್ದೀನೂ ಓದಿದ್ರಿ ಒಮ್ಮೆ’ ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಪರಿಚಯದವರು ಸಿಕ್ಕ ಖುಷಿಯಿತ್ತು.

ಇಷ್ಟು ವರ್ಷ ನುಂಗಿದ್ದು ಒಮ್ಮೆಲೇ ಬಂತು. ‘ಅದು ಸುಳ್ಳಿತ್ತವ್ವಾ. ನಿಮಗೇನೂ ಆಗಿರಲಿಲ್ಲ. ಆ ಸಾಲು ನಾನೇ ಬರೆದಿದ್ದೆ. ನನ್ನದು ತಪ್ಪಾಯ್ತು’ ಎಂದೆ.

ಅವಳು ತೊಡೆಯ ಮೇಲಿದ್ದ ಗುಳಿಗೆಯ ಚೀಲವನ್ನು ಮಡಿಚಿದಳು.

‘ಮೊದಲ ನನಗೂ ಸುಳ್ಳೇ ಅನಿಸ್ತಿತ್ರೀ’ ಎಂದಳು. ‘ಎರಡು ವರ್ಷ ಹಟ ಹಿಡಿದಿದ್ದೆ. ಆಮ್ಯಾಲ ಇಚಾರ ಮಾಡ್ದೆ. ಮನಿಯವ್ರಂತೂ ಅಂತಾರ, ಬಿಡ್ರಿ. ಆದ್ರ ನೀವು ನನಗ ಗುರ್ತಿಲ್ಲ, ಪರಿಚಯ ಇಲ್ಲ. ನೀವ್ಯಾಕ ಸುಳ್ಳ ಹೇಳ್ತೀರಿ ಅಂತ ಅನಿಸ್ತು. ಆವತ್ತಿಂದ ಗುಳಗಿ ತಗೊಳ್ಳಾಕತ್ತೀನಿ.’