ಔರಾದಿನವಳು ಬೋರ್ಡಿನ ಮುಂದೆ

ಬೀದರಿನ ಆ ಕಾಲೇಜಿನಲ್ಲಿ ಸೈನ್ಸ್ ಸೀಟು ಸಿಗುತ್ತದೋ ಇಲ್ಲವೋ ಎಂಬ ಪುಕುಪುಕು ಅಪ್ಪನಿಗಿತ್ತೇ ಹೊರತು ನನಗಿರಲಿಲ್ಲ. ಸಿಗದಿದ್ದರೆ ಊರಲ್ಲೇ ಆರ್ಟ್ಸ್ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ನಾನು ಆ ಮಾತನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಗಣಿತಕ್ಕೆ ಪೂರ್ತಿ ಅಂಕ ಬಂದಿತ್ತಲ್ಲ! ಔರಾದಿನಲ್ಲಿ ಬಸ್ಸು ಹತ್ತಿದಾಗಲೇ ನಾನು ಮನಸ್ಸಿನಲ್ಲಿ ಕಾಲೇಜು ಸೇರಿಯಾಗಿತ್ತು.

ಸಾಲಿನಲ್ಲಿ ನನ್ನ ಮುಂದೆ ಭಾಲ್ಕಿಯ ಹುಡುಗಿಯೊಬ್ಬಳಿದ್ದಳು. "ಯಾವ ಸಾಲಿ?" ಎಂದು ಕ್ಲರ್ಕ್ ಕೇಳಿದರು. ಅವಳದು ಜಿಲ್ಲೆಗೆಲ್ಲ ಹೆಸರಾದ ಶಾಲೆ. ಅಂಕಪಟ್ಟಿ ಬಿಚ್ಚಿಯೂ ನೋಡದೆ, "ಒಳಗ ಕುಂದ್ರವಾ, ನಿಂದು ಆತು" ಎಂದುಬಿಟ್ಟರು. ಆಮೇಲೆ ನಾನು ನಮ್ಮ ಶಾಲೆಯ ಹೆಸರು ಹೇಳಿದೆ. ನನ್ನ ಅಂಕಪಟ್ಟಿಯನ್ನು ಖೋಟಾ ನೋಟು ನೋಡುವ ಹಾಗೆ ಬೆಳಕಿಗೆ ಹಿಡಿದರು.

"ಆ ಸಾಲ್ಯಾಗ ಕಾಪಿ ಭಾಳ ನಡೀತದ ಅಂತಾರಲ್ರಿ?"

"ನಮ್ಮ ಹುಡುಗಿಗಿ ಕಾಪಿ ಮಾಡ್ಲಿಕ್ಕ ಬರಂಗಿಲ್ರಿ ಸಾಹೇಬ್ರ," ಎಂದ ಅಪ್ಪ. "ಮನ್ಯಾಗ ಸಕ್ರಿ ಕದ್ರೂ ಸಿಕ್ಕೇ ಬೀಳ್ತಾಳ."

ನನಗೆ ಮೈಯೆಲ್ಲ ಉರಿಯಿತು. ಸಕ್ಕರೆಯ ವಿಷಯ ಇಲ್ಲೇಕೆ?

ನಮ್ಮನ್ನು ಪ್ರಿನ್ಸಿಪಾಲರ ಕೋಣೆಗೆ ಕಳಿಸಿದರು; ಭಾಲ್ಕಿಯ ಹುಡುಗಿ ಆಗಲೇ ಅಲ್ಲಿ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದಳು. ಪ್ರಿನ್ಸಿಪಾಲರು ಗೋಡೆಯ ಬೋರ್ಡು ತೋರಿಸಿ, ಸೀಮೆಸುಣ್ಣ ಚಾಚಿ, "ಪೈಥಾಗೊರಸ್ ಪ್ರಮೇಯ ಬರದು ತೋರ್ಸು, ನೋಡೋಣ" ಎಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ನಮ್ಮ ಗಣಿತದ ಸರ್ ಎಲ್ಲವನ್ನೂ ಬೋರ್ಡಿನ ಮೇಲೇ ಮಾಡಿಸುತ್ತಿದ್ದರು. ಪ್ರತಿ ಸಾಲನ್ನೂ ಕೂಗಿ ಹೇಳಬೇಕು, ಇಡೀ ತರಗತಿ "ಹೌದು" ಎನ್ನಬೇಕು, ಆಮೇಲೇ ಮುಂದಿನ ಸಾಲು. ನನಗೆ ಬೇರೆ ರೀತಿ ಗೊತ್ತೇ ಇರಲಿಲ್ಲ.

"ಎಬಿಸಿ ತ್ರಿಭುಜದಾಗ ಬಿ ಲಂಬಕೋನ. ಹೌದೋ ಅಲ್ಲೋ?" ಎಂದು ಕೂಗಿ ತಿರುಗಿ ನಿಂತೆ. ಪ್ರಿನ್ಸಿಪಾಲರು ಕಣ್ಣರಳಿಸಿ ಸುಮ್ಮನೆ ಕುಳಿತರು. ಉತ್ತರ ಬಾರದೆ ಮುಂದೆ ಹೋಗುವುದು ಹೇಗೆ? ನಾನೂ ನಿಂತೇ ಇದ್ದೆ. ಕೊನೆಗೆ ಅವರೇ ಮೆಲ್ಲಗೆ "ಹೌದು" ಎಂದರು. ಎರಡನೆಯ ಸಾಲಿಗೆ ಕ್ಲರ್ಕ್ ಬಾಗಿಲಿಗೆ ಬಂದರು. ಮೂರನೆಯದಕ್ಕೆ ಹೊರಗೆ ಕಾಯುತ್ತಿದ್ದವರೆಲ್ಲ ಕಿಟಕಿಗೆ ಮುತ್ತಿ "ಹೌದು!" ಎಂದು ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಪ್ರಮೇಯ ಎಂದರೇನೆಂದೇ ಅರಿಯದ ಅಪ್ಪ. ಮುಗಿಸಿದಾಗ, "ಇನ್ನೊಂದು ಕೊಡ್ರಿ ಸರ್!" ಎಂದವನೂ ಅವನೇ.

ಪ್ರಿನ್ಸಿಪಾಲರು ನಗುತ್ತಲೇ ಸಹಿ ಹಾಕಿದರು. ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಆಗ ಮೂಲೆಯ ಕುರ್ಚಿಯಿಂದ ಭಾಲ್ಕಿಯ ಹುಡುಗಿ ಎದ್ದಳು.

"ನನಗೂ ಒಂದು ಕೇಳ್ರಿ ಸರ್."

"ನಿನಗ ಯಾಕ ಬೇಕವಾ? ನಿಮ್ಮ ಸಾಲಿ ನಮಗ ಗೊತ್ತದ."

"ಸಾಲಿ ಗೊತ್ತದರಿ ಸರ್. ನಾ ಗೊತ್ತಿಲ್ಲಲ್ರಿ."

ನಾನು ಸೀಮೆಸುಣ್ಣವನ್ನು ಅವಳ ಕೈಗಿಟ್ಟೆ. ಪ್ರಿನ್ಸಿಪಾಲರು ಎದ್ದು ಬಂದು, ತಾವೇ ಬೋರ್ಡು ಒರೆಸಿ, ಅವಳಿಗೆ ಜಾಗ ಬಿಟ್ಟರು.