ಮೊಳೆಗೆ ತೂಗಿದ ಕೊಕ್ಕಿ

ಶಹಾಪುರದ ಮಾರುಕಟ್ಟೆಯ ಹಮಾಲ ವೆಂಕಟಪ್ಪನಿಗೆ ತೊಡೆಸಂದಿಯಲ್ಲಿ ಕರುಳು ಇಳಿದು ನಿಂಬೆಹಣ್ಣಿನಷ್ಟು ಉಬ್ಬಿದಾಗ ಲಂಗೋಟಿ ಬಿಗಿದುಕೊಂಡ. ಅದು ತೆಂಗಿನಕಾಯಿಯಷ್ಟಾದಾಗ ಇನ್ನಷ್ಟು ಬಿಗಿದುಕೊಂಡ. ಮಹಾಶೂರ! ಭತ್ತದ ಚೀಲದ ಕೆಳಗೆ ಕುಸಿದುಬಿದ್ದ ಮೇಲೆಯೇ ಜೊತೆಗಾರ ರಾಮಲಿಂಗ ಅವನನ್ನು ಹರ್ನಿಯಾ ಆಪರೇಷನ್ನಿಗೆಂದು ಯಾದಗಿರಿಗೆ ಎಳೆದುಕೊಂಡು ಹೋದದ್ದು.

ಹೊರಡುವ ಮುಂಚೆ ವೆಂಕಟಪ್ಪ ತನ್ನ ಕೊಕ್ಕಿಯನ್ನು, ಚೀಲಕ್ಕೆ ಚುಚ್ಚಿ ಎಳೆಯುವ ಕಬ್ಬಿಣದ ಕೊಂಡಿಯನ್ನು, ಶೆಡ್ಡಿನ ಗೋಡೆಯ ಮೊಳೆಗೆ ತೂಗುಹಾಕಿದ. ಅವರ ಗ್ಯಾಂಗಿನ ರಿವಾಜು ಅದು. ಕೊಕ್ಕಿ ಅಲ್ಲಿರುವ ತನಕ ಅವನ ಜಾಗಕ್ಕೆ ಇನ್ನೊಬ್ಬ ಬರುವಂತಿಲ್ಲ. ಕೆಲಸಕ್ಕೆ ಮರಳಲಿ, ಜಾಗ ಬಿಟ್ಟುಕೊಡಲಿ, ಅದನ್ನು ಇಳಿಸಬೇಕಾದವನೂ ಅವನೇ.

“ಯಾರೂ ಕೈ ಹಚ್ಚಬ್ಯಾಡ್ರಿ, ಬರ್ತೀನಿ,” ಎಂದ.

ಆಪರೇಷನ್ ಚೆನ್ನಾಗಿಯೇ ಆಯಿತು. ಕರುಳು ಮತ್ತೆ ಇಳಿಯದಂತೆ ಒಳಗೆ ಬಲೆಯಂಥ ಜಾಳಿಗೆ ಕೂರಿಸಿ ಹೊಲಿದ ಡಾಕ್ಟರು, ಬಾವು ಬಂದರೆ ತಕ್ಷಣ ತೋರಿಸಬೇಕು ಎಂದು ಹೇಳಿ ಕಳಿಸಿದರು. ಮನೆಗೆ ಬಂದ ಮೇಲೆ ಬಾವು ಬಂದೇ ಬಂತು. ವೃಷಣ ಕೆಂಪಗೆ ಊದಿಕೊಂಡಿತು. ವಿಚಾರಿಸಲು ಬಂದ ಆಶಾ ಕಾರ್ಯಕರ್ತೆ ನಂದಿನಿ ರಾಮಲಿಂಗನ ಮಗಳು. ಚಿಕ್ಕವಳಿದ್ದಾಗ ವೆಂಕಟಪ್ಪನ ಹೆಗಲ ಮೇಲೆ ಕೂತು ಬಜಾರು ನೋಡಿದವಳು.

“ಕಾಕಾ, ಬಾವು ಗೀವು ಬಂದದೇನು? ನಾಚಬ್ಯಾಡ, ಹೇಳು.”

“ಏನಿಲ್ಲವ್ವ. ಆರಾಮ ಇದ್ದೀನಿ.”

ಅಯ್ಯೋ ಪುಣ್ಯಾತ್ಮ! ವೈದ್ಯರ ಮುಂದೆ, ವಕೀಲರ ಮುಂದೆ ಏನೂ ಮುಚ್ಚಿಡಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನೇ ಇವನು. ಮಗಳಂಥವಳ ಮುಂದೆ ನಾಲಿಗೆ ಏಳಲಿಲ್ಲ. ಅವಳು ಅತ್ತ ಹೋದದ್ದೇ ತಡ, ಹೆಂಡತಿ ಮಲ್ಲಾಬಾಯಿಗೆ ಇಟ್ಟಂಗಿ ಕಾಯಿಸಲು ಹೇಳಿದ. ಸೊಂಟ ಹಿಡಿದಾಗೆಲ್ಲ ಹಮಾಲರಿಗೆ ಅದೇ ಮದ್ದು, ಬಟ್ಟೆ ಸುತ್ತಿದ ಕಾದ ಇಟ್ಟಂಗಿಯ ಶಾಖ. ಆದರೆ ಹೊಲಿಗೆಯ ಸುತ್ತ ಚರ್ಮ ಜೋಮು ಹಿಡಿದಿತ್ತು, ಸುಡುವುದೇ ತಿಳಿಯಲಿಲ್ಲ.

“ಹಿತ ಅನಸ್ತದ. ಇನ್ನೊಂಚೂರು ಇಡು,” ಎಂದ.

ಬೊಬ್ಬೆ ಎದ್ದು ಒಡೆಯಿತು. ಹೊಲಿಗೆ ಬಿಚ್ಚಿಕೊಂಡು ಕೀವು ಜಾಳಿಗೆಯ ತನಕ ಇಳಿಯಿತು. ಅವನು ಜ್ವರದಲ್ಲಿ ಬಡಬಡಿಸತೊಡಗಿದಾಗ ಮಲ್ಲಾಬಾಯಿ ಬಾಯಿ ಬಡಿದುಕೊಳ್ಳುತ್ತ ಓಡಿಹೋಗಿ ನಂದಿನಿಯನ್ನು ಕರೆತಂದಳು.

ಎರಡನೆಯ ಆಪರೇಷನ್ನಿನಲ್ಲಿ ಜಾಳಿಗೆ ತೆಗೆದರು, ಕೊಳೆತ ಒಂದು ವೃಷಣವನ್ನೂ ತೆಗೆದರು. ಯಾವುದನ್ನು ಮುಚ್ಚಿಟ್ಟಿದ್ದನೋ ಅದನ್ನೀಗ ಗುರುತು ಪರಿಚಯವಿಲ್ಲದ ನರ್ಸುಗಳು ದಿನಾ ಚಾದರ ಸರಿಸಿ ತೊಳೆಯುತ್ತಿದ್ದರು. ಅವನು ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ಇನ್ನು ಭಾರ ಎತ್ತಿದರೆ ಕರುಳು ಮತ್ತೆ ಹೊರಬರುತ್ತದೆ, ಹಮಾಲಿ ಕೆಲಸ ಮರೆತುಬಿಡು ಎಂದರು ಡಾಕ್ಟರು.

ನಡೆಯುವಂತಾದ ಮೇಲೆ ಶೆಡ್ಡಿಗೆ ಹೋದ. ಕೊಕ್ಕಿ ಅಲ್ಲೇ ಇತ್ತು. ತುಕ್ಕು ಹಿಡಿಯದಂತೆ ಯಾರೋ ಎಣ್ಣೆ ಹಚ್ಚಿದ್ದರು. ಅವನು ಅದರತ್ತ ಹೆಜ್ಜೆ ಇಟ್ಟ.

“ಇರಲಿ ಬಿಡೋ,” ಎಂದ ರಾಮಲಿಂಗ. “ಇವತ್ತಲ್ಲ ನಾಳೆ ಬರ್ತಿ.”

“ನನ್ನ ಕೈಲಿ ಆಗಂಗಿಲ್ಲೋ ರಾಮಲಿಂಗ. ಅವತ್ತು ನಿನ್ನ ಮಗಳ ಮುಂದ ಬಾಯಿ ಬಿಡಲಿಲ್ಲ. ಇವತ್ತು ನಿನ್ನ ಮುಂದ ಬಿಡಾಕತ್ತೀನಿ.”

ಮೊಳೆಯತ್ತ ಕೈ ಎತ್ತಿದಾಗ ತೊಡೆಸಂದಿ ಚುಳುಕ್ ಎಂದಿತು. ರಾಮಲಿಂಗ ಇಳಿಸಿಕೊಡಲು ಮುಂದೆ ಬಂದ. ವೆಂಕಟಪ್ಪ ಬೇಡವೆಂದು ತಲೆಯಾಡಿಸಿ, ತಾನೇ ಇಳಿಸಿದ.