ಬದಲಾಗುವುದಿಲ್ಲ ಎಂದು ಬರೆದ ಹಾಳೆಗಳು

ಮದುವೆಯಾಗಿ ಬೆಂಗಳೂರಿಗೆ ಹೋದ ಮೇಲೆ, ನಿನ್ನ ಗಂಡನ ಕೆಲಸ ಏನೆಂದು ತವರಿನವರು ಕೇಳಿದರೆ ನನಗೆ ಹೇಳಲು ಬರುತ್ತಿರಲಿಲ್ಲ. ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದಾರೆ ಎನ್ನುತ್ತಿದ್ದೆ. ಧರ್ಮಪುರದ ಕಡೆ ಕುರಿ ಸಾಕುವ ಮನೆ ನಮ್ಮದು, ಅವರೂ ಅಷ್ಟಕ್ಕೇ ಸುಮ್ಮನಾಗುತ್ತಿದ್ದರು. ಆ ಕೆಲಸ ನನಗೆ ಅಷ್ಟಿಷ್ಟು ಅರ್ಥವಾದದ್ದು ಗಂಡನ ಕಣ್ಣು ಮಂಜಾಗತೊಡಗಿದ ಮೇಲೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಡಾಕ್ಟರು ಕೈಚೆಲ್ಲಿದರು. ಕೆಲಸ ಬಿಟ್ಟು ಚಿತ್ರದುರ್ಗಕ್ಕೆ, ಅತ್ತೆಯ ಮನೆಗೆ ಬಂದೆವು. ಬರುವಾಗ ಅವರು ಒಂದು ಕೆಲಸ ಒಪ್ಪಿಕೊಂಡು ಬಂದಿದ್ದರು.

“ಮಿಷನ್ನಿನ ಒಳಗೆ ಒಂದು ಮೂಲ ವ್ಯವಸ್ಥೆ ಅಂತ ಐತೆ,” ಎಂದು ನನಗೆ ತಿಳಿಸಿ ಹೇಳಿದರು. “ಸಂಬಳದ ಪ್ರೋಗ್ರಾಮು, ಉಗ್ರಾಣದ ಪ್ರೋಗ್ರಾಮು ಎಲ್ಲ ಅದನ್ನ ಕೇಳಿನೇ ಕೆಲಸ ಮಾಡಬೇಕು. ಟೇಪು ಓದು, ಕಾಗದದ ಮೇಲೆ ಅಚ್ಚು ಹಾಕು, ಹಿಂಗೆ. ಹೆಂಗೆ ಕೇಳಬೇಕು ಅನ್ನೋದಕ್ಕೆ ಒಂದು ರೀತಿ ಐತೆ. ಆ ರೀತಿ ಬದಲಾದ್ರೆ ಎಲ್ಲರ ಪ್ರೋಗ್ರಾಮೂ ನಿಂತೋಗ್ತವೆ. ಬದಲಾಯಿಸಲ್ಲ, ಧೈರ್ಯವಾಗಿ ಬರ್ಕಳ್ರಿ ಅಂತ ನಾನು ಎಲ್ಲರಿಗೂ ಬಾಯಲ್ಲೇ ಮಾತು ಕೊಟ್ಟಿದ್ದೆ. ಈಗ ಅಲ್ಲಿ ನಾನಿಲ್ಲ. ಬರೆದಿಡದಿದ್ರೆ ಆ ಮಾತು ಉಳಿಯಲ್ಲ.”

ಬರೆಯಲು ಅವರಿಗೆ ಆಗುತ್ತಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಮಾಡಿದ್ದೆ, ಇಂಗ್ಲಿಷ್ ಅಕ್ಷರ ಬರುತ್ತಿದ್ದವು. ಅಷ್ಟಾದರೂ ಓದಿಸಿದ ಅಪ್ಪನನ್ನು ದಿನವೂ ನೆನೆದೆ. ಬೆಳಿಗ್ಗೆ ಪೂಜೆ ಮುಗಿಸಿ ನಡುಮನೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಅವರು ಹೇಳುವುದು, ನನಗೆ ತಿಳಿಯದ ಪದವನ್ನು ಅಕ್ಷರ ಅಕ್ಷರ ಬಿಡಿಸುವುದು, ನಾನು ಬರೆಯುವುದು. ಒಂದೊಂದು ಕೇಳಿಕೆಗೆ ‘ಕಾಲ್’ ಎನ್ನುತ್ತಿದ್ದರು. ಪ್ರತಿ ಕಾಲಿನ ಕೆಳಗೆ ಮೂರರಲ್ಲಿ ಒಂದು ಮಾತು ಬರೆಸುವರು: ‘ಇದು ಬದಲಾಗುವುದಿಲ್ಲ’, ‘ಇದು ಬದಲಾಗಬಹುದು, ಆದರೆ ಮೊದಲೇ ತಿಳಿಸುತ್ತೇವೆ’, ‘ಇದನ್ನು ನಂಬಿಕೊಂಡು ಏನನ್ನೂ ಬರೆಯಬೇಡಿ’. ಮೊದಲನೆಯ ಮಾತು ಬರೆಸುವ ಮುಂಚೆ ಬಹಳ ಹೊತ್ತು ಸುಮ್ಮನೆ ಕೂರುತ್ತಿದ್ದರು. ಒಲೆಯ ಮೇಲಿನ ಬೇಳೆ ಎಷ್ಟೋ ಸಲ ತಳ ಹತ್ತಿದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಏನವ್ವಾ, ಮಂತ್ರ ಬರೆಸಿದಂಗೆ ಬರೆಸ್ತಾನಲ್ಲ. ಅದನ್ನ ಓದಿದ್ರೆ ಮಿಷನ್ನು ಎದ್ದು ಕುಂತ್ಕಂತದಾ?”

“ಎದ್ದು ಕುಂತೇ ಐತೆ ಅವ್ವಾ. ಬೀಳಬಾರ್ದು ಅಂತ ಬರೆಸ್ತೀನಿ,” ಎಂದರು ಇವರು.

“ಬಿದ್ರೆ ಬೀಳ್ಲಿ ಬಿಡು. ನೀನು ಹೊಸ್ತಿಲು ನೋಡ್ಕಂಡು ನಡಿ, ಸಾಕು.”

ಹಾಳೆಗಳು ಒಂದು ಕಟ್ಟಾದ ಮೇಲೆ ನಾನು ಶುದ್ಧ ಪ್ರತಿ ಮಾಡಿ ಓದಿ ಹೇಳತೊಡಗಿದೆ. ಪ್ರತಿ ಕಾಲಿಗೂ ಸಾಲಾಗಿ ತುಂಬಬೇಕಾದ ಮನೆಗಳಿದ್ದವು. ಒಂದನೆಯ ಮನೆಗೆ ಇದು, ಎರಡನೆಯ ಮನೆಗೆ ಅದು ಎಂದು. ಓದುತ್ತಿದ್ದಂತೆ ಅವರು ಕೈಯೆತ್ತಿ ತಡೆದರು.

“ಟೇಪಿನ ನಂಬರು ನಾಲ್ಕನೇ ಮನೆ. ನೀನು ಮೂರು ಅಂತೀಯಲ್ಲೇ?”

“ಮೂರನೇದು ಮೀಸಲು, ಯಾರೂ ಮುಟ್ಟಬಾರದು ಅಂದ್ರಲ್ಲ. ಅದಕ್ಕೇ ಎಣಿಸ್ಲಿಲ್ಲ.”

ನಮ್ಮ ತವರಲ್ಲಿ ಮಂದೆ ಎಣಿಸುವಾಗ ದೇವರಿಗೆಂದು ಮೀಸಲು ಬಿಟ್ಟ ಮರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಣಿಸಿದರೆ ಅದು ನಮ್ಮದು ಅಂದುಕೊಂಡ ಹಾಗೆ. ಮುಂದೆ ಬೇಕಾದೀತೆಂದು ಖಾಲಿ ಬಿಟ್ಟ ಆ ಮನೆಗಳನ್ನೂ ನಾನು ಹಾಗೆಯೇ ಬಿಟ್ಟು, ಉಳಿದವಕ್ಕೆ ಸಾಲಾಗಿ ಅಂಕಿ ಹಾಕಿದ್ದೆ. ಎಲ್ಲ ಹಾಳೆಗಳಲ್ಲೂ.

ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. “ನಿಮ್ಮಪ್ಪನ ಮಂದೆ ಅಲ್ಲ ಕಣೇ ಇದು. ಇಲ್ಲಿ ಮೀಸಲನ್ನ ಮುಟ್ಟಬಾರ್ದು, ಆದ್ರೆ ಎಣಿಸ್ಬೇಕು.”

ಶ್ರಾವಣ ಪೂರ್ತಿ ತಿರುಗಿ ಬರೆದೆ. ಶುರುವಿನಲ್ಲಿ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಒಂದೆರಡು ಸಾಲನ್ನಾದರೂ ನೋಡುತ್ತಿದ್ದರು. ಮುಗಿಯುವ ಹೊತ್ತಿಗೆ ಕಿಟಕಿ ಯಾವ ಕಡೆ ಎಂದು ಕೇಳುವಂತಾಗಿತ್ತು. ಆದರೂ ಅಂದು ಅವರು ಹಾಗೆ ನಕ್ಕರಲ್ಲ, ಅದು ನನ್ನ ಪಾಲಿಗೆ ಸಿಕ್ಕಿತು. ದೇವರು ಅಷ್ಟು ಕೊಟ್ಟ.

ಹಾಳೆಗಳನ್ನು ಕಾರ್ಖಾನೆಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆವು. ಉತ್ತರ ಬರಲಿಲ್ಲ. ಪೋಸ್ಟಿನವನ ಸೈಕಲ್ ಬೆಲ್ಲು ಕೇಳಿದಾಗಲೆಲ್ಲ ಅವರ ಮುಖ ಬಾಗಿಲ ಕಡೆ ತಿರುಗುತ್ತಿತ್ತು. ಮರು ವರ್ಷ ಯುಗಾದಿ ಕಳೆದ ಮೇಲೆ ಅವರ ಕೈಕೆಳಗೆ ಕೆಲಸ ಮಾಡಿದ್ದವರೊಬ್ಬರು, ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ ಇಳಿದು ಮನೆಗೆ ಬಂದರು.

ಕಾಫಿ ಲೋಟ ಕೈಗೆ ಬರುವ ಮುಂಚೆಯೇ ಇವರು ಕೇಳಿದರು, “ಸಂಬಳದ ಪ್ರೋಗ್ರಾಮು ಸರಿಯಾಗಿ ನಡೀತಾ ಐತಾ?”

ಬಂದವರು ನನ್ನ ಮುಖ ನೋಡಿದರು. “ಸಾರ್, ಬೇರೆ ಕಂಪನಿ ಮಿಷನ್ನು ತಂದ್ರು. ಅದರ ರೀತಿನೇ ಬೇರೆ. ಹಳೇ ಪ್ರೋಗ್ರಾಮು ಒಂದೂ ನಡೆಯಲ್ಲ. ಎಲ್ಲಾ ಹೊಸದಾಗಿ ಬರೆದ್ವಿ.”

“ಒಂದೂ ಇಲ್ವಾ?”

“ಇಲ್ಲ ಸಾರ್. ಆದ್ರೆ ನಿಮ್ಮ ಹಾಳೆ ಮುಂದಿಟ್ಕಂಡೇ ಬರೆದ್ವಿ. ಹಳೇದು ಏನು ಕೇಳ್ತಿತ್ತು, ಏನು ಕೊಡ್ತಿತ್ತು ಅಂತ ಬೇರೆ ಎಲ್ಲೂ ಇರ್ಲಿಲ್ಲ.”

ಕೊಟ್ಟ ಮಾತು ಉಳಿಯಲೆಂದು ಕಣ್ಣಿನ ಕೊನೆಯ ಬೆಳಕು ಸವೆಸಿದ್ದರು. ಆ ಹಾಳೆಗಳೇ ಹಳೆಯದನ್ನು ಕಳಚುವುದಕ್ಕೆ ಬಳಕೆಯಾಗಿದ್ದವು. ಏನಾದರೂ ಅಂದಾರೆಂದು ನಾನು ಕಾದೆ. ಅವರು ಕೇಳಿದ್ದು ಇಷ್ಟೇ: “ಅದರಲ್ಲಿ ತಪ್ಪೇನಾದ್ರೂ ಸಿಕ್ತಾ?”

“ಅಂಥಾದ್ದೇನಿಲ್ಲ ಸಾರ್.”

“ಹೇಳಪ್ಪ.”

“ಟೇಪು ಮುಗಿದ್ರೆ ಉತ್ತರವಾಗಿ ಸೊನ್ನೆ ಬರ್ತದೆ ಅಂತ ಬರೆಸಿದ್ರಿ. ಮೊದಲಿಂದಲೇ ಖಾಲಿ ಇರೋ ಟೇಪಾದ್ರೆ ಸೊನ್ನೆ ಅಲ್ಲ, ಒಂದು ಬರ್ತಿತ್ತು. ಅದೊಂದೇ.”

ಇವರ ಬೆರಳು ಚಾಪೆಯ ಅಂಚನ್ನು ಹುಡುಕಿ ಹಿಡಿಯಿತು. “ಪೆನ್ನು ತಗಳೇ,” ಎಂದರು.

“ಸಾರ್, ಆ ಮಿಷನ್ನೇ ಈಗ ಇಲ್ಲ. ಬಿಚ್ಚಿ ಸಾಗಿಸಿಬಿಟ್ರು.”

“ಗೊತ್ತಾತು. ಮಿಷನ್ನು ಇಲ್ದಿದ್ರೂ ಹಾಳೆ ಐತಲ್ಲ. ನಾನು ಹೇಳಿದ್ದರಲ್ಲಿ ಸುಳ್ಳು ಇರಬಾರ್ದು.”

ಅವರು ಹೇಳಿದರು, ನಾನು ಬರೆದೆ. ಓದಿ ಹೇಳೆಂದರು, ಓದಿದೆ. ಇನ್ನೊಂದು ಸಲ ಎಂದರು. ಮತ್ತೆ ಓದಿದೆ. ಅತ್ತೆ ಒಳಗಿನಿಂದ ನೀರು ತಂದುಕೊಟ್ಟು ಅಲ್ಲೇ ಕುಳಿತರು. ಬಂದವರಿಗೆ ಬಸ್ಸಿನ ಹೊತ್ತು ಮೀರುತ್ತಿತ್ತು. ಆದರೂ ಏಳಲಿಲ್ಲ. ಶಾಯಿ ಆರುವ ತನಕ ಇದ್ದು, ಎರಡೂ ಕೈಯಲ್ಲಿ ಹಾಳೆ ತೆಗೆದುಕೊಂಡು, ಮಡಿಕೆ ಬೀಳದಂತೆ ಚೀಲದ ಬಟ್ಟೆಗಳ ನಡುವೆ ಇಟ್ಟುಕೊಂಡರು. “ಅದರ ಜೊತೆಗೇ ಸೇರಿಸ್ತೀನಿ ಸಾರ್,” ಎಂದರು. ಸೇರಿಸಿದರೋ ಇಲ್ಲವೋ ನಾನು ಕಾಣೆ. ನಮ್ಮ ಮನೆಯಲ್ಲಿ ಕೂತಿದ್ದಷ್ಟು ಹೊತ್ತು ಅವರು ಅದನ್ನು ಬೇಕಾದ ಕಾಗದದ ಹಾಗೆ ಹಿಡಿದುಕೊಂಡರು. ಅವರ ಮಕ್ಕಳು ಚೆನ್ನಾಗಿರಲಿ.